ಬೆಚ್ಚಗಿನ ಬಾಟಲಿ

ಅಂದು ಬೆಳಿಗ್ಗೆ ಪೀಣ್ಯದಲ್ಲಿ ಕರೆಂಟು ಹೋದದ್ದೇ ಎಲ್ಲಕ್ಕೂ ಮೂಲ. ಪೀಣ್ಯದಲ್ಲಿ ಕರೆಂಟು ಹೋಗುವುದು ಆ ವರ್ಷ ಸುದ್ದಿಯೇ ಅಲ್ಲ, ಬಂದರೆ ಸುದ್ದಿ. ಕಾರ್ಖಾನೆಗಳಲ್ಲಿ ಲೇತುಗಳು ನಿಂತವು. ಕೆಲಸಗಾರರು ಬೀಡಿ ಹಚ್ಚಿಕೊಂಡು ಗೇಟಿನಾಚೆ ಬಂದು ನಿಂತರು. ಭದ್ರಮ್ಮನವರ ಮನೆಯ ಕೆಳಗಿನ ಕೋಣೆಯಲ್ಲಿ ಸೀತಾಲಕ್ಷ್ಮಿ ಮಾತ್ರ ಒಂದು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಅದು ತಣ್ಣಗಾಗುತ್ತಿರುವುದನ್ನು ಅಂಗೈಯಲ್ಲೇ ಅಳೆಯುತ್ತಾ ನಿಂತಿದ್ದಳು.

ಬಾಟಲಿಯಲ್ಲಿದ್ದದ್ದು ಬ್ಯಾಕ್ಟೀರಿಯಾ. ಯಾರಿಗೂ ಕೇಡು ಮಾಡದ, ಪ್ರಯೋಗಕ್ಕೆಂದೇ ಸಾಕಿದ ಜಾತಿ. ಅವತ್ತು ಮಧ್ಯಾಹ್ನದ ಒಳಗೆ ಅವು ಮಹದೇವಪುರದಲ್ಲಿ, ಗೋಪಾಲಪ್ಪನವರ ಕಣ್ಣೆದುರಿಗೆ ಸಾಯಬೇಕಾಗಿತ್ತು.

ಗೋಪಾಲಪ್ಪನವರಿಗೆ ಮಹದೇವಪುರದಲ್ಲಿ ಮುಲಾಮಿನ ಕಾರ್ಖಾನೆ ಇತ್ತು. ಕಪ್ಪೆಯ ಚರ್ಮದಲ್ಲಿ ಪೆಪ್ಟೈಡ್ ಅನ್ನುವ ಪುಟ್ಟ ಪ್ರೋಟೀನು ಇರುತ್ತದೆ, ಕೊಳಚೆ ನೀರಿನಲ್ಲೇ ಬಿದ್ದಿದ್ದರೂ ಕಪ್ಪೆಯ ಗಾಯ ಕೀವಾಗದಂತೆ ಅದು ಕಾಯುತ್ತದೆ ಎಂದು ಅವರ ತಲೆಗೆ ತುಂಬಿದವರು ಪಟ್ಟಾಭಿರಾಮರು. ಸರ್ಕಾರಿ ಔಷಧ ಕಾರ್ಖಾನೆಯಿಂದ ನಿವೃತ್ತರಾದ ಮೇಲೂ ಸುಮ್ಮನೆ ಕೂರಲು ಬಾರದ ಮನುಷ್ಯ. ಅಂಥ ಮುಲಾಮು ಮಾಡಿದರೆ ದೇಶವೆಲ್ಲ ಮಾರಬಹುದೆಂದು ಗೋಪಾಲಪ್ಪ ಒಪ್ಪಿದರು. ಆದರೆ ಮುಲಾಮಿನ ಪಕ್ಕದಲ್ಲಿ ಕ್ರಿಮಿ ಇಡಲು ಒಪ್ಪಲಿಲ್ಲ. ಹಾಗಾಗಿ ಊರಿನ ಇನ್ನೊಂದು ತುದಿಯಲ್ಲಿ, ಪೀಣ್ಯದ ಭದ್ರಮ್ಮನವರ ಮನೆಯ ಕೆಳಗಿನ ಕೋಣೆ ಪ್ರಯೋಗಾಲಯವಾಯಿತು. ಮೇಲಿನ ಕೋಣೆ ಸೀತಾಳ ಮನೆಯಾಯಿತು. ಬಾಡಿಗೆ ಕಂಪನಿಯದು.

ಪೆಪ್ಟೈಡ್ ಕೊಲ್ಲುತ್ತದೆ ಅನ್ನುವುದು ಆಗಲೇ ಗೊತ್ತಾಗಿತ್ತು. ಬ್ಯಾಕ್ಟೀರಿಯಾ ಬಿತ್ತಿದ ತಟ್ಟೆಯ ಮೇಲೆ ಒಂದು ಹನಿ ಬಿಟ್ಟರೆ, ಮಾರನೆಯ ದಿನ ಹನಿಯ ಸುತ್ತ ಗಂಡಸರ ನಡುನೆತ್ತಿಯ ಹಾಗೆ ಬೋಳು ಜಾಗ ಕಾಣುತ್ತಿತ್ತು. ಹೇಗೆ ಕೊಲ್ಲುತ್ತದೆ ಅನ್ನುವುದು ಪಟ್ಟಾಭಿರಾಮರ ಪ್ರಶ್ನೆ.

“ಸಾಯ್ತವಲ್ಲ ಸಾರ್, ಸಾಕು ಬಿಡಿ. ಹೆಂಗೆ ಸತ್ತರೆ ನಮಗೇನು?” ಅಂದಿದ್ದರು ಗೋಪಾಲಪ್ಪ.

“ಹಾಗಲ್ಲ ಗೋಪಾಲಪ್ಪನೋರೆ. ಕ್ರಿಮಿಯ ಗೋಡೆ ಒಡೆಯೋ ಔಷಧ ನಮ್ಮ ಗೋಡೆನೂ ಒಡೆದುಬಿಟ್ರೆ? ಹೇಗೆ ಅಂತ ತಿಳೀದೆ ಗಾಯಕ್ಕೆ ಹಚ್ಚೋಕಾಗಲ್ಲ.”

“ಸರಿ, ನನ್ನ ಕಣ್ಣಿಗೆ ಕಾಣೋ ಹಂಗೆ ಒಂದ್ಸಲ ತೋರ್ಸಿ. ಮಂಗಳವಾರ ಮಧ್ಯಾಹ್ನ ಊಟದ ಹೊತ್ತಿಗೆ ಮುಂಚೆ. ಕಂಡ್ರೆ ಮುಂದಕ್ಕೆ, ಕಾಣದಿದ್ರೆ ಆ ಕೋಣೆಗೆ ಬೀಗ.”

ಬೀಗ ಅಂದ ಕೂಡಲೇ ಸೀತಾಳಿಗೆ ನೆನಪಾದದ್ದು ಕೆಳಗಿನ ಕೋಣೆಯಲ್ಲ, ಮೇಲಿನದು. ಗಂಡ ನಾಣಿ ತೀರಿಕೊಂಡು ಎರಡು ವರ್ಷ. ಕಾರ್ಖಾನೆಯಲ್ಲಿ ಕಬ್ಬಿಣದ ಚೂರೊಂದು ಕಾಲಿಗೆ ತಾಗಿ ಸಣ್ಣ ಗಾಯವಾಯಿತು. ಗಾಯದಿಂದ ಜ್ವರ, ಜ್ವರದಿಂದ ಆಸ್ಪತ್ರೆ. ಸೀತಾ ಸೂಕ್ಷ್ಮಜೀವಿ ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಅವನ ರಕ್ತದಲ್ಲಿದ್ದ ಕ್ರಿಮಿಯ ಹೆಸರು, ಕುಲ, ಗೋತ್ರ ಎಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದು ಏನೂ ಆಗಲಿಲ್ಲ. ಅವಳು ಅಳಲಿಲ್ಲ. ಅತ್ತುಬಿಡು, ಹಗುರಾಗ್ತೀಯ ಎಂದು ಬಂದವರೆಲ್ಲ ಹೇಳಿ, ಕಾದು, ಕಾಫಿ ಕುಡಿದು ಹೋದರು. ತುಮಕೂರಿನಿಂದ ಬಂದ ಭಾವ, “ನಮ್ಮನೇಗೇ ಬಂದ್ಬಿಡಮ್ಮ, ಅಡುಗೆಯವಳನ್ನೂ ಬಿಡಿಸಿದೀವಿ” ಅಂದರು. ಹೇಗೋ ಈ ಕೆಲಸ ಸಿಕ್ಕಿ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ ಸಿಕ್ಕಿತ್ತು. ಭಾವ ಈಗಲೂ ಆಗಾಗ ಬಂದು ಕೇಳುತ್ತಿದ್ದರು: “ಆ ಕಪ್ಪೆ ಕೆಲಸ ಇನ್ನೂ ಮುಗೀಲಿಲ್ವಾ?”

ಪರೀಕ್ಷೆಯೇನೋ ಸರಳ. ಬಾಟಲಿಯ ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ ಒಂದು ಕಿಣ್ವವಿದೆ. ಅವು ಈಜುವ ನೀರಿಗೆ ಬಣ್ಣವಿಲ್ಲದ ಒಂದು ರಾಸಾಯನಿಕ ಬೆರೆಸುತ್ತಾರೆ. ಕಿಣ್ವ, ರಾಸಾಯನಿಕ ಎರಡೂ ಕೂಡಿದರೆ ನೀರು ಹಳದಿಯಾಗುತ್ತದೆ. ಆದರೆ ಕೂಡಲಾರವು. ಈ ಜಾತಿಯ ಗೋಡೆಯಲ್ಲಿ ಆ ರಾಸಾಯನಿಕಕ್ಕೆ ಬಾಗಿಲೇ ಇಲ್ಲ. ಒಳಗಿನದು ಒಳಗೆ, ಹೊರಗಿನದು ಹೊರಗೆ. ಪೆಪ್ಟೈಡ್ ಬಂದು ಗೋಡೆ ಕೊರೆದರೆ ಮಾತ್ರ ಹಳದಿ. ಪೆಪ್ಟೈಡ್ ಹಾಕದ ಇನ್ನೊಂದು ಕೊಳವೆ ಪಕ್ಕದಲ್ಲೇ ಬೆಳ್ಳಗೆ ಉಳಿಯಬೇಕು.

ತೊಡಕು ಒಂದೇ. ಸಾಯಲು ಬರುವ ಬ್ಯಾಕ್ಟೀರಿಯಾ ಎಳೆಯದಾಗಿ, ಬೆಚ್ಚಗೆ, ಹೊಟ್ಟೆ ತುಂಬಿ ಗೆಲುವಾಗಿರಬೇಕು. ಮೈಬಿಸಿಯಷ್ಟು ಶಾಖ ಬೇಕು, ಗಾಳಿಯಾಡಲು ಕುಲುಕುತ್ತಿರಬೇಕು. ತಣ್ಣಗಾದರೆ ಮಂಕಾಗುತ್ತವೆ. ಮಂಕಾದವನ್ನು ಕೊಂದು ತೋರಿಸಿದರೆ ಔಷಧದ ಹೆಚ್ಚುಗಾರಿಕೆ ಏನು?

“ಸೀತಮ್ಮಾ, ಇದ್ದ ಒಂದು ಥರ್ಮಾಸಲ್ಲಿ ಐಸು, ಪೆಪ್ಟೈಡು” ಅಂದರು ಪಟ್ಟಾಭಿರಾಮರು, ಬಣ್ಣ ಅಳೆಯುವ ಯಂತ್ರವನ್ನು ಸ್ಕೂಟರಿನ ಹಿಂದಿನ ಸೀಟಿಗೆ ಹಗ್ಗ ಹಾಕಿ ಬಿಗಿಯುತ್ತಾ. “ಅಲ್ಲಿ ಜನರೇಟರ್ ಇದೆ, ತಲುಪಿದರೆ ಆಯ್ತು. ನೀವು ಬಸ್ಸಲ್ಲಿ ಬನ್ನಿ. ಬಾಟ್ಲಿ ಮಾತ್ರ ಬೆಚ್ಚಗಿರ್ಲಿ. ಹೇಗಾದ್ರೂ ಮಾಡಿ.” ಸ್ಕೂಟರು ಕೆಮ್ಮಿಕೊಂಡು ಹೋಯಿತು.

ಸೀತಾ ಯೋಚಿಸಿದಳು. ಮೈಬಿಸಿ ಬೇಕಾದರೆ ಮೈಯೇ ಇದೆಯಲ್ಲ. ಬಾಟಲಿಯ ಮುಚ್ಚಳ ಬಿಗಿದು, ಮೇಲೆ ರಬ್ಬರ್ ಹಾಳೆ ಕಟ್ಟಿ, ಹೊಟ್ಟೆಗೆ ಒತ್ತಿ ಸೆರಗು ಸುತ್ತಿಕೊಂಡಳು. ಎರಡು ಹೆಜ್ಜೆ ಇಡುವುದರೊಳಗೆ ಬಾಟಲಿ ಜಾರಿತು. ಮೂರನೆಯದಕ್ಕೆ ಭದ್ರಮ್ಮ ಪ್ರತ್ಯಕ್ಷ.

“ಏನವ್ವಾ ಅದು, ಸೆರಗ್ನಾಗೆ?”

“ಕ್ರಿಮಿ ಭದ್ರಮ್ಮ. ಬೆಚ್ಚಗಿಟ್ಕೋಬೇಕು.”

“ಯಾಕೆ?”

“ಮಹದೇವಪುರಕ್ಕೆ ಹೋಗಿ ಸಾಯಿಸ್ಬೇಕು.”

ಭದ್ರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಸಾಯ್ಸಾಕೆ ಇಷ್ಟು ಮುದ್ದು ಮಾಡ್ಬೇಕಾ? ನಮ್ಮ ಕೋಳಿಗೂ ನಾನು ಇಷ್ಟು ಮಾಡಾಕಿಲ್ಲ.”

“ಗಟ್ಟಿಮುಟ್ಟಾಗಿದ್ರೇನೇ ಔಷಧದ ಶಕ್ತಿ ಗೊತ್ತಾಗೋದು.”

“ಅದೂ ಸರಿ ಅನ್ನು. ಇಂಗೆ ಕಟ್ಟಿದ್ರೆ ನಿಲ್ತದಾ? ನಿಲ್ಲು, ಬಂದೆ.”

ಭದ್ರಮ್ಮ ಒಳಗಿನಿಂದ ತಂದದ್ದು ಬಾಣಂತಿಯ ಸೊಂಟಕ್ಕೆ ಕಟ್ಟುವ ಉದ್ದನೆಯ ಹಳೇ ಪಂಚೆ. ಹೆಣ್ಣುಮಕ್ಕಳ ಅಷ್ಟೂ ಹೆರಿಗೆಗೆ ಅದೇ ಪಂಚೆ, ಅದೇ ಗಂಟು. ಸೀತಾಳನ್ನು ಬುಗುರಿಯ ಹಾಗೆ ತಿರುಗಿಸಿ ತಿರುಗಿಸಿ ಸುತ್ತಿದರು. ಬಾಟಲಿಗೆ ಪೆಟ್ಟು ತಾಗಬಾರದೆಂದು ಮೇಲೊಂದಿಷ್ಟು ಹತ್ತಿಯನ್ನೂ ಇಟ್ಟರು. “ಈಗ ಓಡ್ಕಂಡೋದ್ರೂ ಬೀಳಾಕಿಲ್ಲ” ಎಂದು ಹಿಂದೆ ಸರಿದು ನೋಡಿದವರ ಮುಖ ಯಾಕೋ ಸಪ್ಪಗಾಯಿತು. “ಓಗ್ಬಾವ್ವ” ಅಂದರು.

ಅವರೇನು ನೋಡಿದರೆಂದು ಸೀತಾಳಿಗೆ ತಿಳಿದದ್ದು ಬಸ್ ಸ್ಟಾಪಿನ ಪಕ್ಕದ ಸಲೂನಿನ ಕನ್ನಡಿಯಲ್ಲಿ. ಬಿಚ್ಚಿ ಮತ್ತೆ ಕಟ್ಟಿಕೊಳ್ಳಲು ಹೊತ್ತಿರಲಿಲ್ಲ. ಬಸ್ಸು ಬಂತು.

ಮೆಜೆಸ್ಟಿಕ್ಕಿನವರೆಗೆ ತೊಂದರೆಯಾಗಲಿಲ್ಲ. ತುಮಕೂರು ರಸ್ತೆಯ ಹೊಂಡಗಳು ಯಾವ ಯಂತ್ರಕ್ಕೂ ಕಡಿಮೆಯಿಲ್ಲದಂತೆ ಬಾಟಲಿಯನ್ನು ಕುಲುಕಿಸಿದವು. ನಿಂತೇ ಬಂದ ಸೀತಾಳಿಗೆ ಹೊಟ್ಟೆಯ ಹತ್ತಿರ ಗುಳುಗುಳು ಎಂದದ್ದು ಕೇಳಿ ಸಮಾಧಾನವಾಯಿತು.

ಕಷ್ಟ ಶುರುವಾದದ್ದು ಎರಡನೆಯ ಬಸ್ಸಿನಲ್ಲಿ. ಕಾಲಿಡಲೂ ಜಾಗವಿರಲಿಲ್ಲ. ಕಂಡಕ್ಟರು ಅವಳನ್ನು ನೋಡಿದ್ದೇ ಹೆಂಗಸರ ಸೀಟಿನಲ್ಲಿ ತೂಕಡಿಸುತ್ತಿದ್ದ ಒಬ್ಬ ದಪ್ಪ ಗಂಡಸಿನ ಭುಜಕ್ಕೆ ಟಿಕೆಟ್ ಪಂಚಿನಿಂದ ತಟ್ಟಿದ.

“ಏಳ್ರಿ ಯಜಮಾನ್ರೇ! ಕಣ್ಣು ಕಾಣಲ್ವಾ? ಬಸುರಿ ಹೆಂಗ್ಸು ನಿಂತಿದಾರೆ.”

“ನಾನು...” ಎಂದು ಬಾಯಿ ತೆರೆದಳು ಸೀತಾ. ಇಡೀ ಬಸ್ಸು ಅವಳ ಕಡೆ ತಿರುಗಿತು. ನಾನು ಬಸುರಿಯಲ್ಲ, ಹೊಟ್ಟೆಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಕಟ್ಟಿಕೊಂಡಿದ್ದೇನೆ ಅಂದರೆ ಈ ಜನ ಕಿಟಕಿಯಿಂದ ಹಾರುತ್ತಾರೆ. ಅವಳು ಬಾಯಿ ಮುಚ್ಚಿಕೊಂಡು ಕೂತಳು.

“ಗುರೂ, ಸ್ವಲ್ಪ ನಿಧಾನ! ಹಳ್ಳ ನೋಡ್ಕೊಂಡ್ ಹೋಗು!” ಎಂದು ಕಂಡಕ್ಟರು ಡ್ರೈವರನಿಗೆ ಕೂಗಿದ.

ಡ್ರೈವರು ಸಜ್ಜನ. ಅದುವರೆಗೆ ಲಗಾಮು ಕಿತ್ತ ಕುದುರೆಯಂತಿದ್ದ ಬಸ್ಸು ದೇವರ ಪಲ್ಲಕ್ಕಿಯಂತೆ ನಡೆಯತೊಡಗಿತು. ಇತ್ತ ಹೊತ್ತೂ ಹೋಗುತ್ತಿದೆ, ಅತ್ತ ಕುಲುಕೂ ನಿಂತಿದೆ. ಬೇರೆ ದಾರಿ ಕಾಣದೆ ಸೀತಾ ತಾನೇ ಕೂತಲ್ಲಿ ಹಿಂದಕ್ಕೂ ಮುಂದಕ್ಕೂ ತೂಗತೊಡಗಿದಳು.

“ಬೆನ್ನು ಇಡ್ಕಂಡೈತಾ ಮಗಾ?” ಪಕ್ಕದ ಸೀಟಿನಿಂದ ಒಂದು ಒರಟು ಕೈ ಬಂದು ಅವಳ ಬೆನ್ನು ನೀವತೊಡಗಿತು. ವಯಸ್ಸಾದ ಹೆಂಗಸು, ಕಿವಿ ತುಂಬ ಓಲೆ, ಮಡಿಲಲ್ಲಿ ಮಾರ್ಕೆಟ್ಟಿನ ಹೂವಿನ ಬುಟ್ಟಿ. “ಎಷ್ಟಾಯ್ತು?”

ಬಾಟಲಿಗೆ ಬ್ಯಾಕ್ಟೀರಿಯಾ ಬಿತ್ತಿದ್ದು ಬೆಳಗಿನ ಜಾವ. “ಐದು” ಅಂದಳು ಸೀತಾ. ಗಂಟೆ ಅನ್ನುವುದು ಗಂಟಲಲ್ಲೇ ಉಳಿಯಿತು.

“ಐದಕ್ಕೇ ಇಷ್ಟು ಮುಂದಕ್ಕೆ ಬಂದೈತೆ! ಗಂಡೇಯ.” ಮುದುಕಿ ಅನುಮತಿ ಕೇಳದೆ ಸೀತಾಳ ಹೊಟ್ಟೆಯ ಮೇಲೆ ಕೈಯಿಟ್ಟಳು. ಬಸ್ಸು ಹಲಸೂರಿನ ತಿರುವಿನಲ್ಲಿ ವಾಲಿತು. ಬಾಟಲಿ ಗುಳಕ್ ಅಂದಿತು. ಮುದುಕಿಯ ಮುಖವೆಲ್ಲ ಅರಳಿತು. “ಒದೀತೈತೆ ಕಣವ್ವಾ! ಎಂಗೆ ಬೆಚ್ಗೈತೆ!”

ಹಿಂದಿನ ಸೀಟಿನಿಂದ ಇನ್ನೊಬ್ಬಾಕೆ ಕತ್ತು ಚಾಚಿದಳು. ಯಾರೋ ನಿಂಬೆಹಣ್ಣು ಕೊಟ್ಟರು. ಎದ್ದು ನಿಂತಿದ್ದ ದಪ್ಪ ಗಂಡಸು ತನ್ನ ಪೇಪರಿನಿಂದ ಗಾಳಿ ಬೀಸಿದ. ಸೀತಾಳಿಗೆ ಗಾಬರಿ, ಗಾಳಿಗೆ ಬಾಟಲಿ ತಣ್ಣಗಾದೀತು. “ಬೇಡಿ ಸಾರ್, ಬೇಡಿ” ಎಂದು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

“ಯಜಮಾನ್ರು ಏನ್ ಮಾಡ್ಕಂಡವ್ರೆ?” ಮುದುಕಿ ಕೇಳಿದಳು.

“ಫ್ಯಾಕ್ಟರಿಲಿ ಇದ್ರು.”

“ಇದ್ರಾ?”

“ಇದಾರೆ” ಅಂದಳು ಸೀತಾ.

ಎರಡು ವರ್ಷದಲ್ಲಿ ಆ ಮಾತು ಬಾಯಿಗೆ ಬಂದಿರಲಿಲ್ಲ. ಬಂದದ್ದು ಎಷ್ಟು ಸಲೀಸಾಗಿ ಬಂತೆಂದರೆ, ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಮುದುಕಿ ಬುಟ್ಟಿಯಿಂದ ಒಂದು ಗೇಣು ಮಲ್ಲಿಗೆ ಹರಿದು ಅವಳ ಜಡೆಗೆ ಸಿಕ್ಕಿಸಿದಳು. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಟಿನ್ ಫ್ಯಾಕ್ಟರಿ ಸ್ಟಾಪಿನವರೆಗೂ ಮುದುಕಿಯ ಕೈ ಹೊಟ್ಟೆಯ ಮೇಲೇ ಇತ್ತು. ಬಾಟಲಿಗೆ ಎರಡು ಕಡೆಯಿಂದಲೂ ಬಿಸಿ. ಒಳ್ಳೆಯದೇ ಆಯಿತು ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಮುದುಕಿ ಮಹದೇವಪುರದ ಊರ ಬಾಗಿಲಲ್ಲೇ ಇಳಿದಳು. ಸೀತಾ ಮುಂದಿನ ಸ್ಟಾಪಿನಲ್ಲಿ ಇಳಿದು, ಹೊಟ್ಟೆ ಹಿಡಿದುಕೊಂಡು ಓಡಿದಳು.

ಪಟ್ಟಾಭಿರಾಮರು ಕಾರ್ಖಾನೆಯ ಮೆಟ್ಟಿಲ ಮೇಲೆ ಹೆರಿಗೆ ವಾರ್ಡಿನ ಹೊರಗಿನ ಗಂಡನಂತೆ ಶತಪಥ ಹಾಕುತ್ತಿದ್ದರು. ಅವಳ ಆಕಾರ ಕಂಡು ಅಲ್ಲೇ ನಿಂತರು.

“ಬಾಟ್ಲಿ ಸಾರ್” ಅಂದಳು ಸೀತಾ.

“ಓ! ಹೌದು ಹೌದು. ಬಾಟ್ಲಿ.” ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಜಡೆಯ ಮಲ್ಲಿಗೆಯನ್ನೂ ನೋಡಿದರು.

ಹೆಂಗಸರ ಕೋಣೆಯಲ್ಲಿ ಪಂಚೆ ಬಿಚ್ಚಿ ಬಾಟಲಿಯನ್ನು ಈಚೆ ತೆಗೆದಳು. ಬೆಚ್ಚಗಿತ್ತು. ಮಸುಕು ಮಸುಕಾಗಿ, ಸರಿಯಾದ ಹದಕ್ಕೆ ಬೆಳೆದಿತ್ತು. ಹೊಟ್ಟೆಯ ಮೇಲೆ ಬಾಟಲಿ ಒತ್ತಿದ್ದ ಜಾಗ ಮಾತ್ರ ಗಾಳಿ ತಾಗಿ ತಣ್ಣಗಾಯಿತು.

ಗೋಪಾಲಪ್ಪ ಕುರ್ಚಿ ಎಳೆದುಕೊಂಡು ಮೇಜಿಗೆ ಮೂಗು ತಾಗುವಷ್ಟು ಹತ್ತಿರ ಕೂತರು. ಬಿಸಿನೀರಿನ ತೊಟ್ಟಿಯಲ್ಲಿ ಎರಡು ಗಾಜಿನ ಕೊಳವೆ. ಎರಡಕ್ಕೂ ಬ್ಯಾಕ್ಟೀರಿಯಾ, ಎರಡಕ್ಕೂ ಬಣ್ಣವಿಲ್ಲದ ರಾಸಾಯನಿಕ. ಒಂದಕ್ಕೆ ಮಾತ್ರ ಸೀತಾ ಪೆಪ್ಟೈಡ್ ಬಿಟ್ಟಳು.

ಏನೂ ಆಗಲಿಲ್ಲ. ಗೋಪಾಲಪ್ಪ ಆಕಳಿಸಿದರು. ಪಟ್ಟಾಭಿರಾಮರು ಮನೆದೇವರ ಹೆಸರು ಹೇಳಿಕೊಂಡರು.

ಆಮೇಲೆ ಕೊಳವೆಯೊಳಗೆ ಇದೆಯೋ ಇಲ್ಲವೋ ಅನ್ನುವಂತೆ ಒಂದು ಹಳದಿ ಸುಳಿಯಿತು. ನೋಡುತ್ತಿದ್ದಂತೆ ಗಟ್ಟಿಯಾಗಿ, ನಿಂಬೆಯ ಸಿಪ್ಪೆಯ ಬಣ್ಣಕ್ಕೆ ತಿರುಗಿತು. ಪಕ್ಕದ್ದು ಬೆಳ್ಳಗೆ, ಏನೂ ಅರಿಯದಂತೆ ನಿಂತಿತ್ತು.

“ಆಹಾ!” ಗೋಪಾಲಪ್ಪ ತೊಡೆ ತಟ್ಟಿದರು. “ಗೋಡೆ ಬಿತ್ತಾ ಸಾರ್?”

“ಬಿತ್ತು! ತೂತು ಬಿತ್ತು!”

“ಇನ್ನು ಮೂರು ವರ್ಷ ನಡೆಸಿ. ಮೇಡಮ್ಮೋರ ಕೆಲಸ ಪರ್ಮನೆಂಟು. ಆ ಪೀಣ್ಯದ ರೂಮೂ ಇರ್ಲಿ.”

ಸೀತಾ ಪಕ್ಕದ ಸ್ಟೂಲಿನ ಮೇಲೆ ಕೂತಳು. ಬೆಳಗಿನಿಂದ ಏನೂ ತಿಂದಿರಲಿಲ್ಲ; ಕಣ್ಣು ಕತ್ತಲೆ ಬಂದಂತಾಯಿತು. ಪಂಚೆಯನ್ನು ಮಡಿಲಲ್ಲಿಟ್ಟುಕೊಂಡು, ಒಂದು ಕೈಯನ್ನು ಅರಿವಿಲ್ಲದೆ ಹೊಟ್ಟೆಯ ಮೇಲಿಟ್ಟುಕೊಂಡಳು.

ಆಗ ಬಾಗಿಲು ತೆರೆಯಿತು. ಊಟದ ಕ್ಯಾರಿಯರ್ ಹಿಡಿದು ಬಸ್ಸಿನ ಮುದುಕಿ ಒಳಗೆ ಬಂದಳು.

“ಅವ್ವಾ, ಬಾ ಬಾ! ಒಳ್ಳೇ ಹೊತ್ತಿಗೆ ಬಂದೆ” ಎಂದರು ಗೋಪಾಲಪ್ಪ. “ಸಾರ್, ನಮ್ಮ ತಾಯಿ, ಅಂಜಿನಮ್ಮ ಅಂತ. ಈ ಕಾರ್ಖಾನೆ ಜಮೀನು ಇವ್ರ ಹೆಸರಲ್ಲೇ ಇರೋದು. ಅವ್ವಾ, ಇಲ್ನೋಡು ನಮ್ಮ ಹೊಸ ಔಷಧ! ಬೆಚ್ಚಗೆ ಆಡ್ಕೊಂಡಿರೋ ಜೀವದ ಸುತ್ತ ಒಂದು ಗೋಡೆ ಇರತ್ತಲ್ಲ, ಅದನ್ನ ತೂತು ಮಾಡಿ ಒಳಗಿರೋದನ್ನ ಸಾಯಿಸಿಬಿಡತ್ತೆ. ಹತ್ತೇ ನಿಮಿಷ!”

ಅಂಜಿನಮ್ಮ ಹಳದಿ ಕೊಳವೆಯನ್ನು ನೋಡಲಿಲ್ಲ. ಸ್ಟೂಲಿನ ಮೇಲಿದ್ದ ಸೀತಾಳನ್ನು ನೋಡಿದರು. ಬಿಳಿಚಿದ ಮುಖ. ಮಡಿಲಲ್ಲಿ ಬಾಣಂತಿ ಪಂಚೆ. ಚಪ್ಪಟೆಯಾದ ಹೊಟ್ಟೆ, ಅದರ ಮೇಲೆ ಕೈ. ಕ್ಯಾರಿಯರ್ ಅವರ ಕೈಯಿಂದ ಜಾರಿ, ಸಾರು ನೆಲದ ಮೇಲೆ ಹರಿಯಿತು.

“ಅಯ್ಯೋ ನನ್ ಕಂದಾ” ಅಂದರು. ಬಂದು ಸೀತಾಳ ತಲೆಯನ್ನು ಎದೆಗೆ ಒತ್ತಿಕೊಂಡರು. “ಏನ್ಲಾ ಪಾಪಿ, ಬಸುರಿ ಎಂಗ್ಸನ್ನ ಇಂಥ ಔಸ್ತಿ ಮುಂದೆ ಕೂರ್ಸಿದೀಯಾ? ಇಲ್ಲಿ ಬರಾವಾಗ ಒದೀತಿತ್ತು ಕಣ್ಲಾ, ನನ್ ಕೈಗೆ ತಗುಲ್ತು!”

ಗೋಪಾಲಪ್ಪ ಕಂಗಾಲಾಗಿ ಹಳದಿ ಕೊಳವೆಯಿಂದ ದೂರ ಸರಿದರು.

“ಅಮ್ಮಾ, ಅದು ಬಾಟ್ಲಿ” ಅಂದರು ಪಟ್ಟಾಭಿರಾಮರು. “ನಿಜವಾಗ್ಲೂ ಬಾಟ್ಲಿ. ಬೆಚ್ಚಗಿರ್ಲಿ ಅಂತ ಕಟ್ಕೊಂಡಿದ್ರು.”

“ನೀ ಸುಮ್ಕಿರಪ್ಪ. ಏಳು ಎತ್ತೋಳು ನಾನು. ಬಾಟ್ಲಿ ಯಾವ್ದು, ಕೂಸು ಯಾವ್ದು ಅಂತ ನನಗೇಳ್ಕೊಡ್ತೀಯಾ?”

“ಹಾಗಲ್ಲಮ್ಮ, ಆಕೆ ಬಸುರಿ ಆಗಿರೋಕೆ ಸಾಧ್ಯನೇ ಇಲ್ಲ. ಯಜಮಾನ್ರು ತೀರ್ಕೊಂಡು...” ಎರಡು ವರ್ಷ ಎಂದು ಹೇಳಲು ಬಾಯಿ ತೆರೆದ ಪಟ್ಟಾಭಿರಾಮರಿಗೆ, ಬಾಟಲಿಯನ್ನು ನಂಬದವರು ಆ ಲೆಕ್ಕವನ್ನು ಯಾವ ಕಡೆಗೆ ಕೂಡುತ್ತಾರೆಂದು ತಟ್ಟನೆ ಹೊಳೆಯಿತು. ಮರ್ಯಾದಸ್ಥ ಮನುಷ್ಯ, ಬಾಯಿ ಮುಚ್ಚಿಕೊಂಡರು.

ಅಂಜಿನಮ್ಮನ ಕೈ ಸೀತಾಳ ತಲೆಯ ಮೇಲೆ ಹಾಗೇ ನಿಂತಿತು. ಮೆಲ್ಲಗೆ ಕೇಳಿದರು: “ಇಲ್ವಾ? ಮತ್ತೆ ಬಸ್ಸಲ್ಲಿ... ಅವ್ರೆ ಅಂತಲ್ವಾ ಮಗಾ ಅಂದಿದ್ದು ನೀನು?”

ಬಾಟಲಿಯ ವಿಷಯ ಸೀತಾ ತಾನೇ ಹೇಳಬೇಕಿತ್ತು. ಹೇಳಲು ಸಿದ್ಧವಾಗಿಯೂ ಇದ್ದಳು. ಮಾತುಗಳು ಒಂದರ ಹಿಂದೆ ಒಂದು ಸರಿಯಾಗಿ ನಿಂತಿದ್ದವು. ಬಾಯಿ ತೆರೆದಾಗ ಬಂದದ್ದು ಮಾತಲ್ಲ. ಒಂದು ವಿಚಿತ್ರವಾದ ದನಿ. ಅದು ತನ್ನದೇ ಎಂದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅಳು ನಿಲ್ಲಲಿಲ್ಲ. ಆಸ್ಪತ್ರೆಯ ಮುಂದೆ ಬಾರದ್ದು, ಹದಿಮೂರನೆಯ ದಿನ ಬಾರದ್ದು, ಮೇಲಿನ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಕಾದರೂ ಬಾರದ್ದು ಎಲ್ಲ ಒಟ್ಟಿಗೆ ಬಂತು. ಅಂಜಿನಮ್ಮನ ಸೀರೆಯ ಅರಿಶಿನ ಕೆನ್ನೆಗೆ ಮೆತ್ತಿಕೊಂಡಿತು.

“ಅಳು ಮಗಾ, ಅಳು” ಎನ್ನುತ್ತಾ ಅಂಜಿನಮ್ಮ ಅವಳ ತಲೆಯ ಮೇಲಿಂದಲೇ ಮಗನಿಗೆ ತೀರ್ಪು ಹೇಳಿದರು. “ಗೋಪಾಲ, ಈ ಔಸ್ತಿ ನನ್ ಜಮೀನ್ಮ್ಯಾಲೆ ಬ್ಯಾಡ. ಪೀಣ್ಯದಾಗೂ ಬ್ಯಾಡ. ಇವತ್ತೇ ಮುಚ್ಸು.”

“ಅವ್ವಾ, ಈಗ ತಾನೇ ಮೂರು ವರ್ಷ ಅಂತ...”

“ಮುಚ್ಸು ಅಂದೆ.”

ಗೋಪಾಲಪ್ಪ ಆಗಲಿ ಎಂದು ತಲೆಯಾಡಿಸಿದರು. ಪಟ್ಟಾಭಿರಾಮರು ಗೋಡೆಗೆ ಒರಗಿದರು.

“ಈ ಮಗೂಗೆ ಯಾರವ್ರೆ?” ಅಂಜಿನಮ್ಮ ಕೇಳಿದರು. “ಒಬ್ಳೇ ಆ ರೂಮ್ನಾಗೆ ಬಿದ್ದಿರಾಕಾಯ್ತದಾ? ನೋಡ್ಕಳಾಕೆ ಯಾರೂ ಇಲ್ವಾ?”

ಸುಳ್ಳು ಹೇಳಿ ಅಭ್ಯಾಸವಿಲ್ಲದ ಪಟ್ಟಾಭಿರಾಮರು, ತಮ್ಮಿಂದ ಇಷ್ಟಾದರೂ ಉಪಕಾರವಾಗಲಿ ಎಂಬಂತೆ, “ತುಮಕೂರಲ್ಲಿ ಭಾವ ಇದಾರೆ ಅಮ್ಮ, ತುಂಬಾ ಒಳ್ಳೆಯವರು. ಯಾವಾಗ್ಲೂ ಕರೀತಿರ್ತಾರೆ” ಅಂದರು.

ಅಂಜಿನಮ್ಮನವರ ಮುಖ ಹಗುರಾಯಿತು. “ಅಂಗನ್ನಿ ಮತ್ತೆ! ನಮ್ ಕಾರ್ನಾಗೇ ಕಳ್ಸು ಗೋಪಾಲ. ಸಾಮಾನೆಲ್ಲ ಆಮ್ಯಾಕೆ ನೀನೇ ತಲ್ಪಿಸು. ಇನ್ ಮ್ಯಾಲೆ ಈ ಮಗ ಒಂದು ಕಡ್ಡೀನೂ ಎತ್ತಿಡಬಾರ್ದು.”

ಅರ್ಧ ಗಂಟೆಯಲ್ಲಿ ಅಂಬಾಸಿಡರ್ ಬಾಗಿಲಿಗೆ ಬಂತು. ಅಂಜಿನಮ್ಮ ತಾವೇ ಸೀತಾಳನ್ನು ಹಿಂದಿನ ಸೀಟಿಗೆ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಮೈತುಂಬ ಕಂಬಳಿ ಹೊದಿಸಿದರು. ಗೋಪಾಲಪ್ಪ ಹಣ್ಣಿನ ಚೀಲ ಇಟ್ಟು ಕೈಮುಗಿದರು. ಅಷ್ಟು ಜನ ಅಷ್ಟು ಪ್ರೀತಿಯಿಂದ ಅವಳನ್ನು ಯಾವತ್ತೂ ಕಳಿಸಿಕೊಟ್ಟಿರಲಿಲ್ಲ, ಮದುವೆಯಾದ ದಿನದ ಹೊರತು.

ಗೇಟು ದಾಟಿದ ಮೇಲೆ ಡ್ರೈವರ್ ಲಕ್ಷ್ಮಣಪ್ಪ ಕನ್ನಡಿಯಲ್ಲಿ ನೋಡಿ, ಸಂಕೋಚದಿಂದ ಕೇಳಿದ: “ತುಮಕೂರಲ್ಲಿ ಯಾವ ಕಡೆ ಮೇಡಂ?”

ಸೀತಾಳಿಗೆ ಇನ್ನೂ ಅಳು ನಿಂತಿರಲಿಲ್ಲ. ಅಳುತ್ತಲೇ ಅವಳು ಭಾವನ ಮನೆಯ ವಿಳಾಸ ಹೇಳಿದಳು: ಬೀದಿ, ತಿರುವು, ಮನೆಯ ನಂಬರು, ಎಲ್ಲವನ್ನೂ, ಒಂದೂ ತಪ್ಪಿಲ್ಲದ ಹಾಗೆ.